ಕಗ್ಗಂಟಯ್ಯನ ಕರಿದಾರ, ಕೇತಣ್ಣನ ಮಡಚುಚಾಕು

ಬಹಳ ಹಿಂದೆ, ಹುಲಿಗಳೂ ಊರಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿ ಒಳಗೆ ಬರುತ್ತಿದ್ದ ಕಾಲದಲ್ಲಿ, ಕಂಕಣಾವತಿ ಎಂಬ ರಾಜ್ಯವಿತ್ತು. ಅದನ್ನು ಮಲ್ಲರಸನೆಂಬ ರಾಜ ಆಳುತ್ತಿದ್ದ. ಅವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಗುಣಮಾಲೆ. ಅವಳು ಮಾತಾಡತೊಡಗಿದರೆ ಅರಮನೆಯ ಗಿಳಿಗಳು ತಮ್ಮ ಮಾತು ನಿಲ್ಲಿಸಿ ಕೇಳುತ್ತಿದ್ದವು. ಚಿಕ್ಕವನು ಕೇತಣ್ಣ. ಅವನಿಗೆ ಒಂದೇ ಹುಚ್ಚು, ಮಡಚುಚಾಕು.

ಬೇರೆ ದೇಶದ ರಾಜಕುಮಾರರು ಆನೆ ಕೂಡಿಸುತ್ತಾರೆ, ಕುದುರೆ ಕೂಡಿಸುತ್ತಾರೆ, ಆಳುದ್ದದ ಕತ್ತಿಗಳನ್ನು ಗೋಡೆಗೆ ತೂಗುಹಾಕುತ್ತಾರೆ. ಕೇತಣ್ಣ ಕೂಡಿಸಿದ್ದು ಅಲಗನ್ನು ಹಿಡಿಯೊಳಗೆ ಮಡಚಿ ಸೊಂಟದ ಸಂಚಿಗೆ ಹಾಕಿಕೊಳ್ಳುವ ಪುಟ್ಟ ಪುಟ್ಟ ಚಾಕುಗಳನ್ನು. ಹೂವಾಡಗಿತ್ತಿಯರು ದಂಟು ಕೊಯ್ಯುವ ಚಾಕು, ಓಲೆ ಬರೆಯುವವರು ಗರಿಯ ಅಂಚು ಸವರುವ ಚಾಕು, ಹುಣಸೆಬೀಜದಷ್ಟು ಗಾತ್ರದ, ಯಾವ ಕೆಲಸಕ್ಕೂ ಬಾರದ ಒಂದು ಚಾಕು, ಎಲ್ಲವೂ ಅವನಲ್ಲಿದ್ದವು. ತಂದದ್ದನ್ನು ತಂದ ಹಾಗೇ ಇಡುವ ಜಾಯಮಾನವೂ ಅವನದಲ್ಲ. ಕೊಂಬಿನ ಹಿಡಿ ಕಿತ್ತು ಹುಣಸೆಮರದ ಗಟ್ಟಿ ಚೇಗಿನ ಹಿಡಿ ಕೂರಿಸುವನು. ಕುಲುಕಾಡುವ ಕೀಲನ್ನು ಹದ ಮಾಡುವನು. ಅಲಗನ್ನು ಅರದಿಂದ ಉಜ್ಜಿ, ಸಾಣೆ ಹಿಡಿದು, ಹೊಂಗೆಯೆಣ್ಣೆ ಸವರಿ, ಹೆಬ್ಬೆರಳು ಮುಟ್ಟಿದರೆ ಸಾಕು ಬಿಚ್ಚಿಕೊಳ್ಳಬೇಕು, ಹಾಗೆ ತಿದ್ದುವನು. ಚಿಕ್ಕರಸು ಯುದ್ಧಕ್ಕೆ ಹೋದರೆ ಶತ್ರುವಿನ ಉಗುರು ಕತ್ತರಿಸಿ ಕಳಿಸುತ್ತಾರೆ ಎಂದು ಆಸ್ಥಾನದವರು ಆಡಿಕೊಳ್ಳುತ್ತಿದ್ದರು. ಕೇತಣ್ಣ ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದ.

ಅವನ ಚಾಕುಗಳಿಗೆಲ್ಲ ಮುಕುಟವಿದ್ದಂತೆ ಒಂದಿತ್ತು. ಅದರ ಹೆಸರು ಕೂದಲುಸೀಳಿ. ಸಪೂರ, ನೀಳ ಅಲಗು. ಎಷ್ಟೋ ವರ್ಷದಿಂದ ಅದನ್ನು ಮಸೆಯುತ್ತಲೇ ಬಂದಿದ್ದ. ತಲೆಗೂದಲೊಂದನ್ನು ಅದರ ಮೇಲೆ ಬಿಟ್ಟರೆ ಅದು ಉದ್ದಕ್ಕೆ ಸೀಳಿ ಎರಡಾಗಿ ಕೆಳಗೆ ಬೀಳುತ್ತಿತ್ತು.

ಇನ್ನು ಆ ರಾಜ್ಯದ ಒಂದು ಕಟ್ಟಳೆಯನ್ನು ಹೇಳಲೇಬೇಕು. ಹೆಣ್ಣು ಕೇಳಲು ಯಾರೇ ಬರಲಿ, ತುಂಬಿದ ಸಭೆಯಲ್ಲಿ ಹುಡುಗಿಯನ್ನು ಮೂರು ಸಲ ಕೇಳಬೇಕು. ಕೇಳಿದಾಗಲೆಲ್ಲ ಜಾಗಟೆ ಹೊಡೆಯಬೇಕು. ಮೂರನೆಯ ಜಾಗಟೆಯ ನಾದ ಅಡಗುವುದರೊಳಗೆ ಅವಳು ಬಾಯಿಬಿಟ್ಟು ‘ಒಲ್ಲೆ’ ಎನ್ನದಿದ್ದರೆ ಒಪ್ಪಿದಂತೆ ಲೆಕ್ಕ. ಮೌನವೇ ಸಮ್ಮತಿ. ತಲೆ ಅಲ್ಲಾಡಿಸಿದರೆ ನಡೆಯದು, ಗಾಳಿ ಬಂದರೆ ಮರವೂ ತಲೆ ಅಲ್ಲಾಡಿಸುತ್ತದೆ ಎಂದು ಹಿರಿಯರು ಹೇಳಿಬಿಟ್ಟಿದ್ದರು. ಹಿರಿಯರು ಎಲ್ಲವನ್ನೂ ಯೋಚಿಸಿಯೇ ಇರುತ್ತಾರೆ ಎಂದು ನಾವು ನಂಬುತ್ತೇವೆ. ಹುಡುಗಿಗೆ ಮಾತೇ ಹೊರಡದಂತಾದರೆ ಏನು ಗತಿ ಎಂಬುದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಅದನ್ನು ಯೋಚಿಸಿದವನು ಕಗ್ಗಂಟಯ್ಯ. ಜೇಡರಬೆಟ್ಟದ ಗುಹೆಯಲ್ಲಿದ್ದ ಮಾಂತ್ರಿಕ ಅವನು. ಯಾವುದಕ್ಕೆ ಬೇಕಾದರೂ ಗಂಟು ಹಾಕುವ ವಿದ್ಯೆ ಅವನಿಗಿತ್ತು. ಹೊಗೆಗೆ ಗಂಟು ಹಾಕುವನು, ಹರಿಯುವ ನೀರಿಗೆ ಗಂಟು ಹಾಕುವನು, ದಾರಿಗೆ ಗಂಟು ಹಾಕಿ ನಡೆವವರನ್ನು ಅಲ್ಲಲ್ಲೇ ಸುತ್ತಿಸುವನು. ಒಂದು ದಿನ ಅವನು ಅರಮನೆಯ ತೋಟಕ್ಕೆ ಬಂದು ಗುಣಮಾಲೆಯನ್ನು ನನ್ನ ಹೆಂಡತಿಯಾಗು ಎಂದು ಕೇಳಿದ. ಒಲ್ಲೆ ಎಂದಳು. ಅವನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಸೊಂಟದಿಂದ ಕರಿದಾರವೊಂದನ್ನು ಎಳೆದು ಗಾಳಿಯಲ್ಲೇ ಗಂಟು ಹಾಕಿದ. ದಾರ ಹೋಗಿ ಅವಳ ಕುತ್ತಿಗೆಗೆ ಸುತ್ತಿಕೊಂಡಿತು. ಗುಣಮಾಲೆಯ ದನಿ ಅಲ್ಲಿಗೆ ನಿಂತುಹೋಯಿತು. ಮಾಂತ್ರಿಕ ನೆಟ್ಟಗೆ ರಾಜನ ಬಳಿ ಹೋಗಿ, ಕಟ್ಟಳೆಯ ಪ್ರಕಾರ ಬರುವ ಹುಣ್ಣಿಮೆಯ ದಿನ ಸಭೆ ಕರೆಯಿರಿ ಎಂದು ಹೇಳಿ ಹೊರಟುಹೋದ.

ಮಲ್ಲರಸನಿಗೆ ಮೋಸ ತಿಳಿಯದೆ ಇರಲಿಲ್ಲ. ಆದರೆ ಕಟ್ಟಳೆ ಎಂಬುದು ಕಟ್ಟಿದವನನ್ನೇ ಮೊದಲು ಕಟ್ಟುತ್ತದೆ. ಅವನು ತಲೆಯ ಮೇಲೆ ಕೈಹೊತ್ತು ಕುಳಿತ.

ಕೇತಣ್ಣ ಕೂದಲುಸೀಳಿಯನ್ನು ಹಿಡಿದು ಅಕ್ಕನ ಬಳಿಗೆ ಓಡಿದ. ಇಷ್ಟು ವರ್ಷ ಇದನ್ನು ಮಸೆದದ್ದು ಈ ಗಳಿಗೆಗಾಗಿಯೇ ಎಂದು ಅವನಿಗೆ ಅನ್ನಿಸಿತು. ಅಲಗು ತಾಗಿದ್ದೇ ತಡ, ದಾರ ತುಂಡಾಯಿತು. ತುಂಡಾದ ತುದಿಗಳು ಹಾವಿನ ಮರಿಗಳ ಹಾಗೆ ಹೊರಳಿ, ಒಂದನ್ನೊಂದು ಸುತ್ತಿ, ಒಂದಿದ್ದ ಗಂಟು ಎರಡಾಯಿತು. ಗುಣಮಾಲೆಯ ಬಳೆಯ ಸದ್ದು, ಗೆಜ್ಜೆಯ ಸದ್ದು ಎರಡೂ ಅಡಗಿದವು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ಚಾಕುವಿನ ಹುಚ್ಚಿನವನ ಬುದ್ಧಿ ಹಾಗೆ ಓಡುವುದಿಲ್ಲ. ಹರಿತ ಸಾಲದು ಎಂದುಕೊಂಡು ಅವನು ಅಲ್ಲೇ ಕುಳಿತು ಮಸೆದ. ಮಸೆದು ಮತ್ತೆ ಕೊಯ್ದ. ಎರಡು ಗಂಟು ನಾಲ್ಕಾದವು. ಈ ಸಲ ದಾರ ಗಂಟಲನ್ನು ಬಿಗಿಯಿತು. ಅಂದಿನಿಂದ ಗುಣಮಾಲೆಗೆ ಗಂಜಿಯ ತಿಳಿ ಬಿಟ್ಟರೆ ಬೇರೇನೂ ಒಳಗಿಳಿಯದಾಯಿತು.

ಕೆಲವು ದಿನದ ಮೇಲೆ ಅವನು ಮೂರನೆಯ ಸಲ ಸಾಣೆಕಲ್ಲಿಗೆ ಕೈಹಾಕಿದಾಗ ಗುಣಮಾಲೆ ನೆಲವನ್ನು ತೋರಿಸಿದಳು. ಆ ಸೀಮೆಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳವಾಗುತ್ತದೆ. ಕೇತಣ್ಣ ಅದನ್ನು ನೆಲದ ಮೇಲಿಟ್ಟ. ಅವಳು ಎತ್ತಿಕೊಂಡು, ಅಲಗನ್ನು ಮಡಚಿ, ಮತ್ತೆ ನೆಲದ ಮೇಲಿಟ್ಟಳು. ಆಮೇಲೆ ಕಸೂತಿಯ ಪೆಟ್ಟಿಗೆಯಿಂದ ಸಿಕ್ಕಾದ ನೂಲೊಂದನ್ನು ತೆಗೆದು, ಅದರ ತುದಿ ಹುಡುಕಿ, ಉಗುರಿನಿಂದ ಮೆಲ್ಲಗೆ ಬಿಡಿಸಿ ತೋರಿಸಿದಳು. ಅಕ್ಕನ ಕೈ ಸೊರಗಿರುವುದು ಕೇತಣ್ಣನ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಅವನು ತಲೆ ತಗ್ಗಿಸಿದ. ಒಂದು ಮಾತ್ರ ಅವನಿಗೆ ಹೊಳೆಯಿತು. ಬಿಡಿಸುವುದಕ್ಕೆ ತುದಿ ಬೇಕು, ಈ ಕರಿದಾರಕ್ಕೆ ತುದಿಯೇ ಕಾಣದು. ತುದಿ ಇದ್ದರೆ ಅದು ಕಟ್ಟಿದವನ ಹತ್ತಿರವೇ ಇರಬೇಕು.

"ಹುಣ್ಣಿಮೆಯ ಒಳಗೆ ಬರುತ್ತೇನೆ ಅಕ್ಕಾ," ಎಂದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

ಅವನು ಸಂಚಿಗೆ ಅರ, ಸಾಣೆಕಲ್ಲು, ಎಣ್ಣೆಯ ಕುಪ್ಪಿ, ಮೂರು ಚಾಕು ಹಾಕಿಕೊಂಡ. ಒಂದು ವೀಳ್ಯದೆಲೆಯಂತೆ ಅಗಲ ಅಲಗಿನ ಎಲೆಚಾಕು. ಇನ್ನೊಂದು ಕೂದಲುಸೀಳಿ. ಮತ್ತೊಂದು ನವಿಲುಗಣ್ಣಿ, ಬೆಳ್ಳಿಯ ಹಿಡಿಗೆ ನವಿಲಿನ ಕಣ್ಣಿನ ಹಾಗೆ ನೀಲಿ ಹರಳು ಕೂರಿಸಿದ್ದು. ಅವನು ಕೈಯಾಡಿಸದೆ ಇಟ್ಟುಕೊಂಡಿದ್ದ ಚಾಕು ಅದೊಂದೇ, ಏಕೆಂದರೆ ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅದಕ್ಕಾಗಿ ಅವನು ಪರದೇಶದ ವ್ಯಾಪಾರಿಗೆ ತನ್ನ ಕುದುರೆಯನ್ನೇ ಕೊಟ್ಟಿದ್ದ. ಹಾಗಾಗಿ ಈಗ ನಡೆದೇ ಹೊರಟ.

ನಡೆದು ನಡೆದು ಕಾಡಿನ ನಡುವೆ ಒಂದು ಆಲದಮರದ ಹತ್ತಿರ ಬಂದ. ಮರಕ್ಕೆ ಆತು ದೊಡ್ಡ ಕರಡಿಯೊಂದು ನಿಂತಿತ್ತು. ಅದರ ಮೈಗೂದಲನ್ನೆಲ್ಲ ಆಲದ ಬಿಳಲಿಗೆ ಸೇರಿಸಿ ಯಾರೋ ಗಂಟು ಹಾಕಿದ್ದರು.

"ಯಾರಪ್ಪಾ ಅದು? ಕೈಯಾಗೆ ಕಬ್ಬಿಣ ಇದ್ರೆ ಅಲ್ಲೇ ನಿಂತ್ಕೋ," ಎಂದಿತು ಕರಡಿ.

ಕಗ್ಗಂಟಯ್ಯ ಜೇನು ಕೇಳಿದನಂತೆ, ಇದು ಕೊಡಲಿಲ್ಲವಂತೆ, ಅದಕ್ಕೆ ಈ ಶಿಕ್ಷೆಯಂತೆ. ಸೌದೆಗೆ ಬಂದವನೊಬ್ಬ ಕರುಣೆಯಿಂದ ಕೊಡಲಿ ಬೀಸಿದನಂತೆ, ಅರ್ಧ ಮೈಗಿದ್ದ ಗಂಟು ಇಡೀ ಮೈಗೆ ಹಬ್ಬಿತಂತೆ. ಕೇತಣ್ಣನಿಗೆ ಅದು ಹೊಸ ವಿಷಯವಾಗಿರಲಿಲ್ಲ. ಅವನು ಕರಡಿಯ ಎದುರು ಕುಳಿತು ಯೋಚಿಸಿದ. ಕೂದಲಿನ ಸಿಕ್ಕಿಗೆ ಬೇಕಾದದ್ದು ಬಾಚಣಿಗೆ. ಎಲೆಚಾಕುವನ್ನು ಬಿಚ್ಚಿ, ಅದರ ಬಾಯಿಗೆ ಅರ ಹಚ್ಚಿದ. ಕನ್ನಡಿಯಂತೆ ನುಣುಪಾಗಿದ್ದ ಅಂಚಿನಲ್ಲಿ ಮೊದಲ ಕಚ್ಚು ಬಿದ್ದಾಗ ತನ್ನ ಹಲ್ಲಿಗೇ ಯಾರೋ ಅರ ಹಾಕಿದಂತೆ ಅವನ ಮೈ ಜುಮ್ಮೆಂದಿತು. ಆದರೂ ನಿಲ್ಲಿಸಲಿಲ್ಲ. ಕಚ್ಚಿನ ಪಕ್ಕ ಕಚ್ಚು ಹಾಕುತ್ತ ಹೋಗಿ ಚಾಕುವನ್ನು ಬಾಚಣಿಗೆ ಮಾಡಿದ.

ಆಮೇಲೆ ಬಾಚಲು ಕುಳಿತ. ಎಳೆದರೆ ಕರಡಿ ಗುರ್ರೆನ್ನುವುದು, ಮೆಲ್ಲಗೆ ಬಾಚಿದರೆ ಕಣ್ಣು ಮುಚ್ಚುವುದು. ಕೊಯ್ದಾಗ ಎರಡಾಗುತ್ತಿದ್ದ ಗಂಟು, ಬಿಡಿಸಿದಾಗ ನೀರಿನಲ್ಲಿ ಉಪ್ಪು ಕರಗುವಂತೆ ಇಲ್ಲದಾಗುತ್ತಿತ್ತು. ಆಗ ಕೇತಣ್ಣನಿಗೆ ಅಕ್ಕ ನೂಲು ಬಿಡಿಸಿ ತೋರಿಸಿದ್ದು ಪೂರ್ತಿ ಅರ್ಥವಾಯಿತು. ಮಾತು ನಿಂತವಳಿಗೆ ತಿಳಿದದ್ದು ಚಾಕು ಹಿಡಿದವನಿಗೆ ತಿಳಿಯಲಿಲ್ಲವಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

ಹೊತ್ತು ಇಳಿಯುವ ವೇಳೆಗೆ ಕರಡಿ ಬಿಡುಗಡೆಯಾಯಿತು. ಮೈಕೊಡವಿ, ಹಳ್ಳದ ನೀರಲ್ಲಿ ಮುಖ ನೋಡಿಕೊಂಡು, ನಡುನೆತ್ತಿಗೆ ಒಂದು ಬೈತಲೆ ತೆಗೆ ಎಂದು ಕೇಳಿತು. ಕೇತಣ್ಣ ಅದನ್ನೂ ತೆಗೆದುಕೊಟ್ಟ. ಕರಡಿ ಅವನನ್ನು ಬೆನ್ನಮೇಲೆ ಕೂರಿಸಿಕೊಂಡು ಜೇಡರಬೆಟ್ಟಕ್ಕೆ ಓಡಿತು.

ಅವರು ಬೆಟ್ಟದ ಬುಡ ಮುಟ್ಟಿದಾಗ ಹುಣ್ಣಿಮೆಯ ದಿನದ ಬೆಳಗಾಗಿತ್ತು. ಗುಹೆಯ ಬಾಗಿಲಲ್ಲಿ ಒಂದು ಹೆಬ್ಬಾವು ಬಿದ್ದಿತ್ತು. ಅದರ ಮೈಯನ್ನೇ ಗಂಟು ಹಾಕಿ ಬಾಗಿಲಿಗೆ ಅಡ್ಡ ಬಿಗಿದಿದ್ದರು. ಹಾವು ಸರಿಯದೆ ಒಳಗೆ ಹೋಗುವ ಹಾಗಿಲ್ಲ, ಗಂಟು ಬಿಚ್ಚದೆ ಹಾವು ಸರಿಯುವ ಹಾಗಿಲ್ಲ. ಕೇತಣ್ಣ ಬಾಚಣಿಗೆ ತೆಗೆದ.

"ಮಗನೇ, ನನಗೆ ಕೂದಲಿಲ್ಲ," ಎಂದಿತು ಹೆಬ್ಬಾವು. "ಸುರುಳಿಯ ಒಳಗೆ ತೂರುವಂಥದ್ದು ಏನಾದರೂ ತಾ. ಆದರೆ ಹರಿತ ಇರುವುದು ಯಾವುದೂ ಬೇಡ. ಎಳ್ಳಷ್ಟು ಗೀರಿದರೂ ನಾನು ಸಾಯುತ್ತೇನೆ."

ಸುರುಳಿಯ ಒಳಗೆ ತೂರುವಷ್ಟು ಸಪೂರವಾಗಿದ್ದದ್ದು ಕೂದಲುಸೀಳಿ ಒಂದೇ. ಕೇತಣ್ಣ ಅದನ್ನು ಬಿಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಬಂಡೆಯ ಮೇಲೆ ಕುಳಿತು ಅದರ ಬಾಯನ್ನು ಕಲ್ಲಿಗೆ ಎದುರಾಗಿ ಹಿಡಿದು ಉಜ್ಜಿದ. ವರ್ಷಗಟ್ಟಲೆ ಕೂಡಿಸಿದ ಹರಿತ ಅಡುಗೆ ಬೇಯುವಷ್ಟು ಹೊತ್ತಿನಲ್ಲಿ ಹೋಯಿತು. ಅಂಚು ದುಂಡಗಾಯಿತು, ಮೊನೆ ಮೊಂಡಾಯಿತು. ಕೇತಣ್ಣ ಉಜ್ಜುತ್ತಲೇ ಅತ್ತ. ರಾಜಕುಮಾರ ಚಾಕುವಿಗಾಗಿ ಅಳುವುದೇ ಎಂದು ನಗುವವರು ನಗಲಿ, ಕೈಯಾರೆ ಮಾಡಿದ್ದನ್ನು ಕೈಯಾರೆ ಕೆಡಿಸಿದವರಿಗೆ ಅದರ ಸಂಕಟ ಗೊತ್ತು. ಹಾಗೆ ಕೂದಲುಸೀಳಿ ಗಂಟುಬಿಡಿಸುವ ಕಡ್ಡಿಯಾಯಿತು.

ಅದಕ್ಕೆ ಎಣ್ಣೆ ಸವರಿ, ಸುರುಳಿಯ ಸಂದಿಗೆ ತೂರಿಸಿ, ಮೆಲ್ಲಗೆ ಮೀಟಿದ. ಹೆಬ್ಬಾವು ಉಸಿರು ಬಿಟ್ಟಿತು. ಮತ್ತೆ ಮೀಟಿದ. ಒಂದು ಸುತ್ತು ಸಡಿಲವಾಯಿತು. ಮತ್ತೊಮ್ಮೆ ಮೀಟಿದಾಗ ಗಂಟು ಕರಗಿ, ಹಾವು ಉದ್ದಕ್ಕೆ ಚಾಚಿಕೊಂಡಿತು.

"ಒಳಗೆ ಹೋಗಬೇಡ, ಒಳಗೆ ಯಾರೂ ಇಲ್ಲ," ಎಂದಿತು ಅದು. "ಅವನು ಆಗಲೇ ನಿಮ್ಮ ಸಭೆಗೆ ಹೊರಟುಹೋದ. ಅವನು ಮನುಷ್ಯನಲ್ಲ ಮಗನೇ. ನೇಕಾರನೊಬ್ಬ ಬೇಸತ್ತು ಬಿಸಾಡಿದ ಸಿಕ್ಕುನೂಲು, ಮಂತ್ರ ಕಲಿತು ಮೈ ತಾಳಿದೆ. ಅವನು ಹಾಕಿದ ಗಂಟುಗಳ ತುದಿಯೆಲ್ಲ ಅವನ ಉಡಿದಾರದಲ್ಲಿದೆ. ಉಡಿದಾರದ ಗಂಟು ಬಿಚ್ಚಿದರೆ ಎಲ್ಲವೂ ಬಿಚ್ಚುತ್ತವೆ, ಅವನೂ ಬಿಚ್ಚುತ್ತಾನೆ. ಆದರೆ ಹತ್ತಿರ ಹೋಗುವಾಗ ಅವನ ಎರಡು ಕೈಗೂ ಕೆಲಸವಿರಬೇಕು. ಒಂದು ಬೆರಳು ಬಿಡುವಾಗಿದ್ದರೂ ನಿನ್ನನ್ನೇ ಗಂಟು ಹಾಕುತ್ತಾನೆ."

ಕರಡಿ ಬಂದ ದಾರಿಯಲ್ಲೇ ತಿರುಗಿ ಓಡಿತು. ಅದರ ಬೆನ್ನಮೇಲೆ ಕುಳಿತು ಕೇತಣ್ಣ ನವಿಲುಗಣ್ಣಿಯನ್ನು ತೆಗೆದ. ಯಾವ ಕೀಲಿನ ನಯಕ್ಕೆ ಮನಸೋತು ಕುದುರೆಯ ಲಗಾಮು ಬಿಟ್ಟುಕೊಟ್ಟಿದ್ದನೋ, ಆ ಕೀಲಿನ ಮೇಲೆ ಅರದ ಹಿಡಿಯಿಂದ ಗುದ್ದಿದ. ಮೂರೇಟಿಗೆ ಅದು ಬಿಗಿದುಕೊಂಡಿತು. ತಾನೇ ಬಿಚ್ಚಲು ನೋಡಿದ, ಆಗಲಿಲ್ಲ. ಬದುಕಿಡೀ ಚಾಕುಗಳು ಸಲೀಸಾಗಿ ಬಿಚ್ಚಿಕೊಳ್ಳಲಿ ಎಂದು ಒದ್ದಾಡಿದವನಿಗೆ ಬಿಚ್ಚದ ಚಾಕು ಕಂಡು ಮೊದಲ ಸಲ ಸಂತೋಷವಾಯಿತು.

ಅರಮನೆಯಲ್ಲಿ ಸಭೆ ತುಂಬಿತ್ತು. ಕಗ್ಗಂಟಯ್ಯ ಮದುಮಗನ ಪೀಠದಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತಿದ್ದ. ಎದುರಿಗೆ ಗುಣಮಾಲೆ, ಬಾಡಿದ ಮುಖ, ಕುತ್ತಿಗೆಯಲ್ಲಿ ನಾಲ್ಕು ಗಂಟಿನ ಕರಿದಾರ. ಮಲ್ಲರಸ ಒಂದು ಸಲ ಕೇಳಿಯಾಗಿತ್ತು, ಜಾಗಟೆ ಹೊಡೆದಾಗಿತ್ತು. ಎರಡನೆಯ ಸಲವೂ ಕೇಳಿದ, ಜಾಗಟೆ ಹೊಡೆದರು. ಗುಣಮಾಲೆ ಬಾಯಿ ತೆರೆದಳು, ಮಾತು ಬರಲಿಲ್ಲ. ಅಷ್ಟರಲ್ಲಿ ಬಾಗಿಲ ಕಾವಲಿನವರು ಚೆಲ್ಲಾಪಿಲ್ಲಿಯಾದರು, ಬೈತಲೆ ತೆಗೆದ ಕರಡಿಯ ಮೇಲಿಂದ ಕೇತಣ್ಣ ಇಳಿದು ಒಳಗೆ ಬಂದ.

ಅವನು ರಾಜನಿಗೆ ಕೈಮುಗಿದ. "ಮಹಾಪ್ರಭುಗಳು ಮೂರನೆಯ ಸಲ ಕೇಳುವ ಮೊದಲು ನನ್ನದೊಂದು ಅರಿಕೆ. ಮದುಮಗನ ಕೈಗೆ ಅಲಗು ಕೊಡುವುದು ಹೆಣ್ಣಿನ ತಮ್ಮನ ಹಕ್ಕು. ಭಾವನವರು ನನ್ನ ಕಾಣಿಕೆ ತೆಗೆದುಕೊಳ್ಳಬೇಕು."

ಮದುಮಗ ಬಿಚ್ಚಿದ ಅಲಗು ಹಿಡಿದು ಕೂರುವುದು ಅಲ್ಲಿಯ ಪದ್ಧತಿ. ಭಾವ ಎಂಬ ಮಾತು ಕೇಳಿ ಕಗ್ಗಂಟಯ್ಯ ಉಬ್ಬಿಹೋದ. ಕೇತಣ್ಣ ನವಿಲುಗಣ್ಣಿಯನ್ನು ಪೀಠದ ಕೆಳಗೆ ನೆಲದ ಮೇಲಿಟ್ಟ. ಮಾಂತ್ರಿಕ ಬಗ್ಗಿ ಎತ್ತಿಕೊಂಡ. ಬಗ್ಗಿದಾಗ ಅವನ ಅಂಗಿ ಸರಿದು, ಉಡಿದಾರದ ಗಂಟು, ಅದರಿಂದ ಇಳಿಬಿದ್ದ ಕೂದಲೆಳೆಯಂಥ ತುದಿ, ಎರಡೂ ಕೇತಣ್ಣನಿಗೆ ಕಂಡವು. ಭಾವನವರ ಕಾಲಿಗೆ ಅರಿಶಿನ ಹಚ್ಚುತ್ತೇನೆ ಎಂದು ಅವನು ಪಕ್ಕದಲ್ಲೇ ಕುಳಿತುಬಿಟ್ಟ.

ಕಗ್ಗಂಟಯ್ಯ ಹೆಬ್ಬೆರಳಿನಿಂದ ಅಲಗನ್ನು ಎತ್ತಲು ನೋಡಿದ. ಅದು ಏಳಲಿಲ್ಲ. ಉಗುರು ಹಾಕಿದ, ಉಗುರು ಮುರಿಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು. ಮಂತ್ರ ಹಾಕಲು ಬಾರದು, ಅವನ ಮಂತ್ರವೆಲ್ಲ ಕಟ್ಟುವುದಕ್ಕೆ, ಬಿಚ್ಚುವ ಮಂತ್ರ ಅವನು ಕಲಿತೇ ಇರಲಿಲ್ಲ. ಕೆಳಗಿಡೋಣವೆಂದರೆ ಗೇಣುದ್ದವೂ ಇಲ್ಲದ ಚಾಕುವಿಗೆ ಸೋತ ಮದುಮಗ ಎಂದು ಜನ ನಗುತ್ತಾರೆ. ಅವನು ಎರಡು ಕೈಯಿಂದ ಹಿಡಿದು ಜಗ್ಗಿದ. ಕೇತಣ್ಣ ಕೂದಲುಸೀಳಿಯ ಮೊಂಡು ಮೊನೆಯನ್ನು ಉಡಿದಾರದ ಗಂಟಿಗೆ ತೂರಿಸಿ ಮೀಟಿದ.

ಮಲ್ಲರಸ ಮೇಲಿನಿಂದ ಇದನ್ನು ನೋಡಿದ. ನೋಡದವನಂತೆ ಕಿರೀಟ ಸರಿಮಾಡಿಕೊಂಡ. ಕುಡಿಯಲು ನೀರು ಕೇಳಿದ. ನೀರು ಬಂದ ಮೇಲೆ ಅದು ಬೆಚ್ಚಗಿದೆ ಎಂದು ಬೇರೆ ತರಿಸಿದ. ಮೂರು ಸಲ ಕೇಳಬೇಕು ಎಂದು ಕಟ್ಟಳೆಯಲ್ಲಿತ್ತೇ ಹೊರತು ಬೇಗ ಕೇಳಬೇಕು ಎಂದು ಇರಲಿಲ್ಲ. ಆದರೆ ಅವಮಾನದಿಂದ ಬೆವೆತಿದ್ದ ಮಾಂತ್ರಿಕ ಎರಡು ಕೈಯಲ್ಲಿ ಹಿಡಿದ ಚಾಕುವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಲೇ, ಮೂರನೆಯದನ್ನು ಕೇಳಿ ಎಂದು ಗದರಿದ. ಇನ್ನು ತಡೆಯುವಂತಿರಲಿಲ್ಲ.

"ಮಗಳೇ ಗುಣಮಾಲೆ," ಎಂದ ರಾಜ, "ಈ ಗಂಡನ್ನು ಒಪ್ಪುವೆಯಾ?"

ಜಾಗಟೆ ಹೊಡೆದರು. ನಾದ ಸಭೆಯ ತುಂಬ ಹರಡಿತು. ಕೇತಣ್ಣ ಒಂದು ಸುತ್ತು ಬಿಡಿಸಿದ. ನಾದ ಕಂಬಗಳವರೆಗೆ ಹೋಗಿ ಹಿಂದಿರುಗಿತು. ಅವನು ಎರಡನೆಯ ಸುತ್ತು ಬಿಡಿಸಿದ. ನಾದ ಜೇನಿನ ಗುಂಯ್ಗುಡುವಿಕೆಯಷ್ಟಾಯಿತು, ನೊಣದ ರೆಕ್ಕೆಯಷ್ಟಾಯಿತು. ಕೊನೆಯ ಸುತ್ತು ಬಿಗಿಯಾಗಿತ್ತು. ಎಳೆದುಬಿಡೋಣ ಎಂದು ಅವನ ಕೈ ತುರಿಸಿತು. ಎಳೆಯಲಿಲ್ಲ. ಉಸಿರು ಹಿಡಿದು ಮೆಲ್ಲಗೆ, ಕರಡಿಯ ಕಿವಿಯ ಕೂದಲು ಬಾಚಿದಷ್ಟು ಮೆಲ್ಲಗೆ ಮೀಟಿದ. ಗಂಟು ಕರಗಿತು.

ಗುಣಮಾಲೆಯ ಕುತ್ತಿಗೆಯಿಂದ ಕರಿದಾರ ಜಾರಿ ಮಡಿಲಿಗೆ ಬಿತ್ತು. ಜಾಗಟೆಯ ನಾದ ಇನ್ನೂ ಕೂದಲೆಳೆಯಷ್ಟು ಉಳಿದಿತ್ತು.

"ಒಲ್ಲೆ," ಎಂದಳು.

ಬಹಳ ದಿನ ಮುಚ್ಚಿದ್ದ ಬಾಗಿಲಿನ ಹಾಗೆ ದನಿ ಕಿರುಗುಟ್ಟಿತು. ಅವಳು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಒಲ್ಲೆ ಎಂದಳು. ಕೇಳಿದ್ದು ಮೂರು ಸಲವಲ್ಲವೇ, ಮೂರನೆಯ ಸಲ ಎದ್ದು ನಿಂತು, ಹೊರಗೆ ನಿಂತ ಕರಡಿಗೂ ಕೇಳುವಂತೆ ಹೇಳಿದಳು.

ಕಗ್ಗಂಟಯ್ಯ ಕೈ ಎತ್ತಿದ. ಬೆರಳುಗಳು ಎಳೆ ಎಳೆಯಾಗಿ ಇಳಿದವು. ತೋಳು ಬಿಚ್ಚಿತು, ಹೆಗಲು ಬಿಚ್ಚಿತು, ಗಡ್ಡ ಬಿಚ್ಚಿತು. ಪೀಠದ ಮೇಲೆ ಬಣ್ಣಬಣ್ಣದ ನೂಲಿನ ರಾಶಿಯೂ ಅದರ ಮೇಲೆ ಬಿಚ್ಚದ ಚಾಕುವೂ ಉಳಿದವು. ಆ ಗಳಿಗೆಯಲ್ಲೇ ನಾಡಿನ ಉದ್ದಗಲಕ್ಕೂ ಅವನು ಹಾಕಿದ್ದ ಗಂಟುಗಳು ಬಿಚ್ಚಿ, ನಿಂತ ನೀರು ಹರಿಯಿತು, ಸುತ್ತುತ್ತಿದ್ದ ದಾರಿಗಳು ನೆಟ್ಟಗಾದವು, ವರ್ಷದಿಂದ ನಡೆಯುತ್ತಲೇ ಇದ್ದ ದಾರಿಹೋಕರು ಮನೆ ಸೇರಿದರು. ನೂಲನ್ನು ಊರ ಮಕ್ಕಳು ಗಾಳಿಪಟಕ್ಕೆ ಹಂಚಿಕೊಂಡರು.

ಗುಣಮಾಲೆ ಅಂದು ಅನ್ನ ಉಂಡಳು. ಉಣ್ಣುತ್ತ ಮಾತಾಡಿದಳು, ಉಂಡ ಮೇಲೂ ಮಾತಾಡಿದಳು, ಗಿಳಿಗಳು ಸಾಲಾಗಿ ಕುಳಿತು ಕೇಳಿದವು. ತಮ್ಮನಿಗೆ ಎರಡು ಸಲ ಕೊಯ್ದದ್ದಕ್ಕೆ ಎರಡು ಸಲ ಬೈದಳು. ಕೇತಣ್ಣ ಬೈಗಳನ್ನು ಹಬ್ಬದೂಟದಂತೆ ಸವಿದ. ಮಲ್ಲರಸ ಮಾರನೆಯ ದಿನವೇ ಹಳೆಯ ಕಟ್ಟಳೆಯನ್ನು ತೆಗೆದುಹಾಕಿ ಡಂಗುರ ಹೊಡೆಸಿದ. ಇನ್ನು ಮೇಲೆ ಮೌನವೆಂದರೆ ಮೌನ, ಅದಕ್ಕೆ ಬೇರೆ ಅರ್ಥವಿಲ್ಲ. ಹುಡುಗಿ ಬಾಯಿಬಿಟ್ಟು ಹೂಂ ಎನ್ನುವವರೆಗೆ ಕೇಳಿದವರು ಕಾಯತಕ್ಕದ್ದು.

ಕೆಲವು ಕಾಲದ ಮೇಲೆ ಪಕ್ಕದ ರಾಜ್ಯದಿಂದ ಒಬ್ಬ ರಾಜಕುಮಾರ ಬಂದ. ಒಳ್ಳೆಯವನು, ಚೆಲುವ, ಮೇಲಾಗಿ ಕರಡಿಗೂ ಹಿಡಿಸಿದ. ಸಭೆ ಸೇರಿತು, ರಾಜ ಕೇಳಿದ, ಜಾಗಟೆ ಹೊಡೆದರು. ಗುಣಮಾಲೆ ಸುಮ್ಮನೆ ಕುಳಿತಿದ್ದಳು. ನಾದ ಸಣ್ಣದಾಯಿತು, ಅಡಗಿತು. ಯಾರೂ ಅಲುಗಾಡಲಿಲ್ಲ. ಬಂದ ರಾಜಕುಮಾರನೂ ಕೈಕಟ್ಟಿ ಕಾಯುತ್ತ ನಿಂತ. ಬಿಸಿಲ ಪಟ್ಟೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು.

ಆಮೇಲೆ ಗುಣಮಾಲೆ, "ಯೋಚಿಸಿ ಹೇಳುತ್ತೇನೆ," ಎಂದಳು.

ಆಗಲಮ್ಮಾ ಎಂದು ಇಡೀ ಸಭೆ ಎದ್ದು ಊಟಕ್ಕೆ ಹೋಯಿತು. ಅವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು.